ಅಳುವ ಹಬ್ಬ

2025ನೆಯ ಇಸವಿಯ ಜುಲೈ 6ನೆಯ ತಾರೀಖು ಆದಿತ್ಯವಾರ ಆಷಾಢ ಶುದ್ಧ ಏಕಾದಶಿಯೂ ಮೊಹರಮ್ಮಿನ ಹತ್ತನೆಯ ದಿನವೂ ಕೂಡಿ ಬಂದಿದ್ದವು. ಪಂಢರಪುರದ ಹಾದಿ ಹಿಡಿದವರು ಮೊದಲೇ ಹೋಗಿದ್ದರು. ಮನೆಯಲ್ಲುಳಿದ ನಾವು ಉಪವಾಸವಿದ್ದೆವು. ಮುಂಜಾನೆ ನಮ್ಮ ಮನೆಯ ಶಾಲೆಯ ಹುಡುಗನು ಕೈಯೊಳಗಿನ ದೂರವಾಣಿಯನ್ನು ತೆರೆದು, ಒಂದು ಮಗ್ಗುಲಿಗೆ ವಿಠ್ಠಲನನ್ನೂ ಇನ್ನೊಂದು ಮಗ್ಗುಲಿಗೆ ಹಸುರು ಬಣ್ಣದ ಅರ್ಧಚಂದ್ರನನ್ನೂ ಇಟ್ಟು, "ಏಕಾದಶಿ ಹಾಗೂ ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು" ಎಂದು ಗುರುತಿನವರಿಗೆಲ್ಲ ಕಳುಹಿಬಿಟ್ಟನು. ಅಷ್ಟಕ್ಕೇ ತೃಪ್ತನಾಗದೆ ನೆರೆಮನೆಯ ಮುಸಲ್ಮಾನ ಮುದುಕಿಯ ಬಳಿಗೆ ಓಡಿಹೋಗಿ ಬಾಯಿಂದಲೂ ಅದನ್ನೇ ಹೇಳಿದನು. ಆಕೆ ಕೋಪಿಸಿಕೊಳ್ಳಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು, "ತಮ್ಮಾ, ಇದು ನಗೂ ಹಬ್ಬ ಅಲ್ಲಪಾ, ಅಳೂ ಹಬ್ಬ" ಎಂದಳಷ್ಟೆ.

ಹುಡುಗನು ಮರಳಿ ಬಂದು, "ಅಳಾಕೂ ಒಂದು ಹಬ್ಬ ಇರತೈತೇನು?" ಎಂದು ನಮ್ಮನ್ನು ಕೇಳಿದನು. ತಕ್ಕ ಉತ್ತರವನ್ನು ಕೊಡಲು ನಮಗೆ ಸುಲಭವಾಗಲಿಲ್ಲ. ಜಮಖಂಡಿ ತಾಲೂಕಿನ ತುಬಚಿಯ ಸುತ್ತಿನ ಸೀಮೆಯಲ್ಲಿ ಹುಟ್ಟಿ ಬೆಳೆದು, ಎಳೆತನದಿಂದಲೂ ಪಂಜಾಗಳ ಮುಂದೆ ಸಕ್ಕರೆ ಓದಿಸಿಕೊಂಡು ತಿಂದವರಾದ ನಮಗೂ ಆ ಸಕ್ಕರೆಯ ಹಿಂದಿನ ಕಣ್ಣೀರು ತಿಳಿಯದೆ ಹೋಗಿದ್ದಿತು. ಗೋಡೆಯ ಮೇಲಿನ ದಿನದರ್ಶಿಕೆಯಲ್ಲಿ ದೀಪಾವಳಿಯೂ ಮೊಹರಮ್ಮೂ ಒಂದೇ ಕೆಂಪು ಅಂಕೆಯಲ್ಲಿ ಅಚ್ಚಾಗಿರುತ್ತವೆ. ಸರಕಾರದ ರಜೆಗೆ ನಗುವಿನ ಭೇದವೂ ಇಲ್ಲ, ಅಳುವಿನ ಭೇದವೂ ಇಲ್ಲ. ಆ ಭೇದವನ್ನು ಅರಿಯಬೇಕಾದವರು ಬಾಳ್ವೆ ಮಾಡುವ ಗೃಹಸ್ಥರಾದ ನಾವೇ.

ಮೊದಲು ಮುಸಲ್ಮಾನರ ವರ್ಷದ ವಿಷಯವಾಗಿ ಎರಡು ಮಾತು. ಅವರ ತಿಂಗಳುಗಳು ನಮ್ಮವುಗಳಂತೆಯೇ ಚಂದ್ರನನ್ನು ಅನುಸರಿಸುವವು. ಆದರೆ ನಮ್ಮ ಪಂಚಾಂಗದವರು ಹೆಚ್ಚು ಕಡಿಮೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸವನ್ನು ಸೇರಿಸಿ ಹಬ್ಬಗಳನ್ನು ಋತುಗಳಿಗೆ ಕಟ್ಟಿಹಾಕುವಂತೆ ಅವರು ಮಾಡುವುದಿಲ್ಲ. ಆದುದರಿಂದ ಅವರ ವರ್ಷವು 354 ಅಥವಾ 355 ದಿನಗಳಿಗೇ ಮುಗಿದು, ಪ್ರತಿಯೊಂದು ಹಬ್ಬವೂ ವರ್ಷವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುವುದು. 2019ರಲ್ಲಿ ಗಣೇಶ ಚವತಿಯು ಸೆಪ್ಟೆಂಬರ 2ಕ್ಕೂ ಮೊಹರಮ್ಮಿನ ಹತ್ತನೆಯ ದಿನವು ಸೆಪ್ಟೆಂಬರ 10ಕ್ಕೂ ಬಂದು, ಎರಡು ಮೆರವಣಿಗೆಗಳು ಒಂದೇ ವಾರದಲ್ಲಿ ಕೂಡಿದ್ದವು. ಅದೇ ವರ್ಷ ಬಕ್ರೀದ್ ಹಬ್ಬವು ಆಗಸ್ಟ 12ಕ್ಕೆ, ಕೃಷ್ಣೆಯ ಮಹಾಪೂರವು ಜಮಖಂಡಿ ತಾಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿದ ದಿನಗಳಲ್ಲಿಯೇ ಬಂದಿತು. ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು: ಅವರ ದಿನವು ಸೂರ್ಯಾಸ್ತದಿಂದ ಮೊದಲಾಗುವುದು, ಹಗಲಿಗಿಂತ ಮೊದಲು ಇರುಳು. ಒಂಬತ್ತನೆಯ ದಿನದ ರಾತ್ರಿಯೆಂದು ನಾವು ಕರೆಯುವುದು ಅವರ ಲೆಕ್ಕದಲ್ಲಿ ಹತ್ತನೆಯ ದಿನದ ಆರಂಭವು.

ಹಬ್ಬವೆಂಬ ಹೆಸರಿಗೆ ಪೂರ್ಣವಾಗಿ ಸಲ್ಲತಕ್ಕವು ಅವರಲ್ಲಿ ಎರಡೇ. ರಂಜಾನ ತಿಂಗಳ ಉಪವಾಸ ಮುಗಿದ ಮರುದಿನದ ಈದು ಒಂದು. ಅಂದು ನಮಾಜಿಗೆ ಹೋಗುವ ಮೊದಲೇ ಬಡವರಿಗೆ ಫಿತ್ರಾ ದಾನವನ್ನು ಸಲ್ಲಿಸಬೇಕು. ಹಜ್ಜಿನ ತಿಂಗಳ ಹತ್ತನೆಯ ದಿನದ ಬಕ್ರೀದ್ ಮತ್ತೊಂದು. ಅಂದಿನ ಬಲಿಯಲ್ಲಿ ಒಂದು ಪಾಲು ಬಡವರಿಗೆ, ಒಂದು ಪಾಲು ನೆಂಟರಿಷ್ಟರಿಗೆ, ಒಂದು ಪಾಲು ಮನೆಗೆ. ಈ ಎರಡು ದಿನ ನೆರೆಯವರಿಗೆ ಶುಭ ಕೋರುವುದು, ಅವರು ಕೊಟ್ಟ ಸುರುಕುಂಬಾವನ್ನು ಉಣ್ಣುವುದು, ಎಲ್ಲವೂ ಯುಕ್ತವೇ. ಈ ಹಬ್ಬಗಳ ವಿಷಯ ನಮ್ಮ ವಾಚಕರು ಬಲ್ಲರಾದುದರಿಂದ ಬೆಳೆಸುವುದಿಲ್ಲ.

ಸಾವಿಗೆ ಸಂಬಂಧಿಸಿದ ದಿನಗಳ ವಿಷಯ ಇಷ್ಟು ಸರಳವಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೂರು ದಿನಗಳಿಗಿಂತ ಹೆಚ್ಚಾಗಿ ಶೋಕವನ್ನು ಆಚರಿಸಬಾರದೆಂದು ಇಸ್ಲಾಮಿನ ವಿಧಿ; ಗಂಡನನ್ನು ಕಳೆದುಕೊಂಡ ಹೆಂಡತಿಗೆ ಮಾತ್ರ ನಾಲ್ಕು ತಿಂಗಳು ಹತ್ತು ದಿನ. ದುಃಖಕ್ಕೂ ಒಂದು ಗಡುವು ಇರಬೇಕೆಂಬ ಈ ವಿಚಾರವು ಮೆಚ್ಚತಕ್ಕದ್ದು. ಪೈಗಂಬರರು ಹುಟ್ಟಿದುದೂ ತೀರಿಕೊಂಡುದೂ ರಬೀ ಉಲ್ ಅವ್ವಲ್ ತಿಂಗಳ 12ನೆಯ ದಿನವೇ ಎಂದು ಜನರ ನಂಬುಗೆ. ಹಿಂದಿನವರು ಆ ದಿನವನ್ನು 'ಬಾರಾ ವಫಾತ್' ಎನ್ನುತ್ತಿದ್ದರು. ಬಾರಾ ಎಂದರೆ ಹನ್ನೆರಡು, ವಫಾತ್ ಎಂದರೆ ಮರಣ. ಈಗ 'ಈದ್ ಮಿಲಾದ್' ಎಂಬ ಜನನದ ಹೆಸರೇ ಮುಂದೆ ಬಂದು ಮರಣದ ಹೆಸರು ಹಿಂದೆ ಸರಿದಿದೆ. ಸಂತರ ವಿಷಯ ಕೇಳಿದರೆ ಇನ್ನೂ ಆಶ್ಚರ್ಯ. ಕಲಬುರ್ಗಿಯ ಖ್ವಾಜಾ ಬಂದೇನವಾಜರು 1422ರಲ್ಲಿ ದೇಹವನ್ನಿಟ್ಟರು. ಅವರ ಪುಣ್ಯತಿಥಿಗೆ ವರ್ಷವರ್ಷವೂ ಜನಸಾಗರ ಕೂಡುವ ಉತ್ಸವದ ಹೆಸರು 'ಉರುಸು', ಎಂದರೆ ಮದುವೆ. ಸಂತನು ಸತ್ತನೆಂದು ಅವರು ಎಣಿಸುವುದಿಲ್ಲ. ಪರಮಾತ್ಮನನ್ನು ಕೂಡಿದನೆಂದು ಎಣಿಸುವರು. ಶರಣರ ಲಿಂಗೈಕ್ಯವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಮರಣದಲ್ಲಿಯೂ ಮಂಗಲವನ್ನು ಕಾಣುವ ಜನರು, ಮೂರೇ ದಿನ ಅಳಬೇಕೆಂಬ ವಿಧಿಯುಳ್ಳವರು, ಸಾವಿರದ ಮುನ್ನೂರು ವರ್ಷಗಳಾಚೆಗೂ ಅಳುವುದನ್ನು ಬಿಡದ ಒಂದು ಸಾವು ಉಂಟು. ಅದು ಪೈಗಂಬರರ ಮೊಮ್ಮಗ, ಅಲಿ ಮತ್ತು ಫಾತಿಮಾರ ಮಗ ಹುಸೇನರದು.

ಕ್ರಿ. ಶ. 680ರಲ್ಲಿ ದಮಸ್ಕದಲ್ಲಿ ಮುಆವಿಯಾ ತೀರಿಕೊಂಡು ಅವನ ಮಗ ಯಜೀದನು ಪಟ್ಟಕ್ಕೆ ಬಂದನು. ಅವನು ಹುಸೇನರಿಂದ ನಿಷ್ಠೆಯ ಪ್ರಮಾಣವನ್ನು ಬೇಡಿದನು. ಹುಸೇನರು ಕೊಡಲೊಲ್ಲದೆ ಮದೀನೆಯನ್ನು ಬಿಟ್ಟು ಮಕ್ಕೆಗೆ ಹೋದರು. ಇತ್ತ ಇರಾಕದ ಕೂಫಾ ಪಟ್ಟಣದವರು, ತಮ್ಮಲ್ಲಿಗೆ ಬಂದು ಮುಂದಾಳಾಗಬೇಕೆಂದು ಪತ್ರದ ಮೇಲೆ ಪತ್ರ ಬರೆದರು. ಹುಸೇನರು ಮೊದಲು ತಮ್ಮ ದಾಯಾದಿಯಾದ ಮುಸ್ಲಿಮನನ್ನು ಕಳುಹಿದರು. ಯಜೀದನ ಅಧಿಕಾರಿಯು ಅವನನ್ನು ಕೊಲ್ಲಿಸಿದಾಗ ಪತ್ರ ಬರೆದವರ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಹೆಂಗಸರು ಮಕ್ಕಳ ಸಮೇತ ಹೊರಟಿದ್ದ ಹುಸೇನರನ್ನು ದಾರಿಯಲ್ಲಿಯೇ ತಡೆದು, ಯೂಫ್ರೆಟಿಸ್ ಹೊಳೆಯ ಸಮೀಪದ ಕರ್ಬಲಾ ಎಂಬ ಬಯಲಿನಲ್ಲಿ ಇಳಿಸಿದರು. ಅದು ಹಿಜರಿ 61ನೆಯ ವರ್ಷದ ಮೊಹರಂ ತಿಂಗಳ ಎರಡನೆಯ ದಿನ. ಮೊಹರಂ ಎಂಬ ಶಬ್ದಕ್ಕೆ ನಿಷಿದ್ಧವಾದದ್ದು, ಪವಿತ್ರವಾದದ್ದು ಎಂದು ಅರ್ಥ. ಯುದ್ಧವನ್ನು ಮಾಡಕೂಡದೆಂದು ಅರಬರು ಪೂರ್ವದಿಂದಲೂ ಮೀಸಲಿಟ್ಟಿದ್ದ ನಾಲ್ಕು ತಿಂಗಳುಗಳಲ್ಲಿ ಇದೂ ಒಂದು. ಅದೇ ತಿಂಗಳಲ್ಲಿ ಈ ಕೊಲೆ ನಡೆಯಿತು.

ಏಳನೆಯ ದಿನದಿಂದ ಹೊಳೆಯ ನೀರಿಗೆ ಕಾವಲು ಬಿದ್ದಿತು. ಕಣ್ಣೆದುರಿಗೆ ಹೊಳೆ ಹರಿಯುತ್ತಿರಲು ಡೇರೆಯಲ್ಲಿ ಮಕ್ಕಳು ಗಂಟಲೊಣಗಿ ಚೀರಿದವು. ಒಂಬತ್ತನೆಯ ದಿನದ ರಾತ್ರಿ ಹುಸೇನರು ಸಂಗಾತಿಗಳನ್ನೆಲ್ಲ ಕರೆದು, "ಇವರಿಗೆ ಬೇಕಾದವನು ನಾನೊಬ್ಬನೇ, ಕತ್ತಲಲ್ಲಿ ನೀವೆಲ್ಲ ಹೊರಟುಹೋಗಿರಿ" ಎಂಬರ್ಥದ ಮಾತುಗಳನ್ನಾಡಿದರಂತೆ. ಹೋಗುವವರಿಗೆ ಮೋರೆ ತೋರಿಸುವ ನಾಚಿಕೆಯಾಗದಿರಲೆಂದು ದೀಪವನ್ನೂ ಆರಿಸಿದರೆಂದು ಹೇಳುವರು. ಮರಳಿ ದೀಪ ಹೊತ್ತಿಸಿದಾಗ ಅವರೆಲ್ಲ ಕುಳಿತಲ್ಲೇ ಕುಳಿತಿದ್ದರು. ಮರುದಿನ, ಕ್ರಿ. ಶ. 680ರ ಅಕ್ಟೋಬರ 10ರಂದು, ಸಾವಿರಾರು ಸೈನಿಕರೆದುರು ಸುಮಾರು 72 ಮಂದಿ ಒಬ್ಬೊಬ್ಬರಾಗಿ ಬಿದ್ದರು. ನಿಶಾನಿಯನ್ನು ಹಿಡಿದಿದ್ದ ತಮ್ಮ ಅಬ್ಬಾಸನು ಮಕ್ಕಳಿಗೆ ನೀರು ತರಲು ಹೋಗಿ ತೋಳುಗಳನ್ನು ಕಳೆದುಕೊಂಡು ಮಡಿದನು. ತೊಟ್ಟಿಲ ಕೂಸಾದ ಅಲಿ ಅಸಗರನ ಕೊರಳಿಗೆ ಬಾಣ ನಟ್ಟಿತು. ಕಡೆಗೆ ಹುಸೇನರೂ ಬಿದ್ದರು. ಬೇನೆಯಿಂದ ಮಲಗಿದ್ದ ಒಬ್ಬ ಮಗನೂ ಹೆಂಗಸರೂ ಉಳಿದರು. ಅವರನ್ನು ಸೆರೆಹಿಡಿದು ದಮಸ್ಕಕ್ಕೆ ಸಾಗಿಸಿದರು. ಹುಸೇನರ ತಂಗಿ ಜೈನಬಳು ಅಲ್ಲಿಯೂ ತಲೆ ತಗ್ಗಿಸದೆ ಮಾತನಾಡಿದಳೆಂದು ಪ್ರಸಿದ್ಧಿ.

ಈ ಶೋಕವನ್ನು ಎಲ್ಲ ಮುಸಲ್ಮಾನರೂ ಒಂದೇ ತೆರನಾಗಿ ಆಚರಿಸುವುದಿಲ್ಲ. ಶಿಯಾ ಪಂಥದವರಿಗೆ ಇದೇ ವರ್ಷದ ಕೇಂದ್ರವು. ನಮ್ಮ ನಾಡಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಅಲೀಪುರವು ಅಂಥವರೇ ಬಹುಸಂಖ್ಯರಾಗಿರುವ ಊರು. ಅಲ್ಲಿ ಕರಿಯ ಬಟ್ಟೆ, ಎದೆ ಬಡಿದುಕೊಳ್ಳುವ ಮಾತಮ್, ಶೋಕದ ಸಭೆಗಳು. ಸಫರ್ ತಿಂಗಳ 20ನೆಯ ದಿನ ನಲವತ್ತನೆಯ ದಿನದ ಶೋಕವನ್ನೂ ಅವರು ಆಚರಿಸುವರು. ಸುನ್ನಿ ಪಂಥದವರು, ಎಂದರೆ ನಮ್ಮ ಕಡೆಯ ಮುಸಲ್ಮಾನರಲ್ಲಿ ಬಹುತೇಕರು, ಹುಸೇನರನ್ನು ಪೂಜ್ಯರೆಂದು ಎಣಿಸಿಯೂ ಎದೆ ಬಡಿದುಕೊಳ್ಳುವುದಿಲ್ಲ. ಶ್ರದ್ಧೆಯುಳ್ಳವರು ಒಂಬತ್ತು ಹತ್ತನೆಯ ದಿನಗಳಲ್ಲಿ ಉಪವಾಸವಿರುವರು. ಆ ಉಪವಾಸ ಕರ್ಬಲೆಗಿಂತ ಹಳೆಯದು. ಮೂಸಾ ಪೈಗಂಬರರೂ ಅವರ ಜನರೂ ಫರೋಹನ ಕೈಯಿಂದ ಪಾರಾದ ಸ್ಮರಣೆ ಅದಕ್ಕೆ ಮೂಲವೆಂದು ಹೇಳುವರು.

ಹಾಗಾದರೆ ಅರಬಸ್ತಾನದ ಈ ದುಃಖವು ಕೃಷ್ಣಾತೀರದ ಒಕ್ಕಲುಮಕ್ಕಳ ಮನೆಯನ್ನು ಹೊಕ್ಕುದು ಹೇಗೆ? ವಿಜಾಪುರದ ಯೂಸುಫ ಆದಿಲಶಾಹನು 1502ರ ಸುಮಾರಿಗೆ ಶಿಯಾ ಪಂಥವನ್ನು ರಾಜ್ಯದ ಮತವೆಂದು ಸಾರಿದನು. ಮೊದಲನೆಯ ಇಬ್ರಾಹಿಮನು ಅದನ್ನು ತೆಗೆದುಹಾಕಿದನು; ಮೊದಲನೆಯ ಅಲಿಯು ಮತ್ತೆ ತಂದನು; ಎರಡನೆಯ ಇಬ್ರಾಹಿಮನ ಕಾಲಕ್ಕೆ ಮತ್ತೆ ಬದಲಾಯಿತು. ಅರಮನೆಯ ಮತವು ಹೀಗೆ ತೂಗುಯ್ಯಾಲೆಯಾಡುತ್ತಿರಲು ಮೊಹರಮ್ಮಿನ ಆಚರಣೆಯು ಮೆಲ್ಲಗೆ ಹಳ್ಳಿಗಿಳಿದು ಬೇರೂರಿತು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಜಮಖಂಡಿಯು ಮುಂದೆ ಪಟವರ್ಧನರ ಸಂಸ್ಥಾನವಾಗಿ 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಕನ್ನಡ ರಾಜ್ಯಕ್ಕೂ ಸೇರಿತು. ದೊರೆಗಳು ಬದಲಾದರು, ಮಸೂತಿಯ ಮುಂದಿನ ಅಲಾವಿಯ ಕುಣಿ ಮಾತ್ರ ಇದ್ದಲ್ಲೇ ಇದ್ದಿತು. ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಕೂಡ ಹಿಂದುಗಳೇ ಪಂಜಾಗಳನ್ನು ಕೂಡಿಸುವುದುಂಟು. ನಮ್ಮ ಕಡೆಯ ಹುಸೇನಪ್ಪ, ಫಕೀರಪ್ಪ, ಪೀರಪ್ಪ, ಮೌಲಪ್ಪ, ಫಕೀರವ್ವ ಎಂಬ ಹೆಸರಿನವರಲ್ಲಿ ಎಷ್ಟೋ ಮಂದಿ ಹಣೆಗೆ ವಿಭೂತಿ ಹಚ್ಚುವವರು. ಮಕ್ಕಳಾಗದ ತಾಯಂದಿರು ಈ ಹತ್ತು ದಿನಗಳಲ್ಲಿ ಹರಕೆ ಹೊತ್ತು ಪಡೆದ ಹೆಸರುಗಳು ಇವು.

ಆಚರಣೆಯ ರೂಢಿ ಊರಿಂದೂರಿಗೆ ಬೇರೆಯಾದರೂ ಸಾಮಾನ್ಯವಾಗಿ ಹೀಗಿರುವುದು. ಅಮಾವಾಸ್ಯೆ ಕಳೆದು ಚಂದ್ರನು ಕಂಡೊಡನೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಕುಣಿಯನ್ನು ತೋಡುವರು. ಅಲಾವಿಯೆಂದರೆ ಆ ಕುಣಿಯಲ್ಲಿ ಉರಿಯುವ ಬೆಂಕಿ. ಕೆಲವು ದಿನಗಳ ತರುವಾಯ ಪೆಟ್ಟಿಗೆಯಿಂದ ಪಂಜಾಗಳನ್ನು ತೆಗೆದು ತೊಳೆದು, ಬಣ್ಣದ ಬಟ್ಟೆ ಉಡಿಸಿ ಕೂಡಿಸುವರು. ಪಂಜಾ ಎಂದರೆ ಐದು. ಬೆಳ್ಳಿಯ ಅಥವಾ ಹಿತ್ತಾಳೆಯ ಆ ಹಸ್ತದ ಐದು ಬೆರಳುಗಳು ಪೈಗಂಬರರು, ಅಲಿ, ಫಾತಿಮಾ, ಹಸನ, ಹುಸೇನ ಈ ಐವರನ್ನು ಸೂಚಿಸುವವು. ಹರಕೆಯುಳ್ಳವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುವರು. ಮನೆಮನೆಯಿಂದ ಸಕ್ಕರೆ ಬೆಲ್ಲ ಒಯ್ದು, ಊದಿನ ಹೊಗೆಯಲ್ಲಿ ಮುಲ್ಲಾನಿಂದ ಓದಿಸಿಕೊಂಡು ಬರುವರು. ಹೆಂಗಸರು ಗೋದಿಯ ಹಿಟ್ಟಿನ ಚೊಂಗೆಯನ್ನೂ ಮಾಲದಿಯನ್ನೂ ಮಾಡುವರು. ದಣಿದು ಬಂದವರಿಗೆಲ್ಲ ಬೆಲ್ಲದ ಪಾನಕ. ನೀರು ಸಿಗದೆ ಸತ್ತವರ ಹೆಸರಿನಲ್ಲಿ ಯಾರೂ ಬಾಯಾರಿ ಹೋಗಬಾರದಲ್ಲವೆ?

ಇನ್ನು 'ಕತ್ತಲ ರಾತ್ರಿ'. ಕೊಲೆಗೆ ಅರಬೀ ಭಾಷೆಯಲ್ಲಿ 'ಕತಲ್' ಎನ್ನುವರು. ಕೊಲೆಯ ರಾತ್ರಿ ಎಂಬರ್ಥದ ಆ ಮಾತು ಕನ್ನಡಿಗರ ಬಾಯಲ್ಲಿ ಕತ್ತಲ ರಾತ್ರಿಯಾಯಿತು. ವ್ಯಾಕರಣ ಬಲ್ಲವರು ಇದನ್ನು ಅಪಭ್ರಂಶವೆಂದು ನಗಬಹುದು. ದೀಪವಾರಿಸಿದ ಆ ಡೇರೆಯ ಸಂಗತಿಯನ್ನು ನೆನೆದಾಗ ನಮಗೇನೋ ನಮ್ಮ ಜನರ ತಪ್ಪೇ ಹೆಚ್ಚು ಒಪ್ಪುವುದು. ಆ ರಾತ್ರಿ ಊರಿಗೆ ಊರೇ ಎಚ್ಚರವಿದ್ದು, ಹೆಜ್ಜೆಯ ಮೇಳದವರು ಕೈಯಲ್ಲಿ ವಸ್ತ್ರ ಹಿಡಿದು ಕುಣಿಯುತ್ತ ರಿವಾಯತದ ಪದಗಳನ್ನು ಹಾಡುವರು. ರಿವಾಯತವೆಂದರೆ ಕಥನ. ಅರಬೀ ಹೆಸರು, ಕನ್ನಡ ಹಾಡು. ಶಿಶುನಾಳದ ಶರೀಫ ಸಾಹೇಬರು (1819-1889) ತತ್ತ್ವಪದಗಳಲ್ಲದೆ ಇಂಥ ಅಲಾವಿಯ ಪದಗಳನ್ನೂ ಕಟ್ಟಿದವರು. ಇತಿಹಾಸದ ಫಾತಿಮಾದೇವಿ ಕರ್ಬಲೆಗಿಂತ 48 ವರ್ಷ ಮೊದಲೇ, 632ರಲ್ಲಿ ತೀರಿಕೊಂಡವಳು. ಆದರೆ ಜನಪದರ ಹಾಡಿನಲ್ಲಿ ಅವಳು ಬಂದು ಮಗನಿಗಾಗಿ ಅಳುವಳು. ಮಗ ಸತ್ತ ಮನೆಯಲ್ಲಿ ತಾಯಿಯ ಅಳು ಕೇಳದಿರುವುದು ನಮ್ಮ ಹಾಡುಗಾರರಿಗೆ ಸಾಧ್ಯವೆನ್ನಿಸಿರಲಿಕ್ಕಿಲ್ಲ.

ಹಾಗಿದ್ದರೆ ಹುಲಿವೇಷವೇಕೆ, ಹಲಗೆಯ ಬಡಿತವೇಕೆ, ಕುಣಿತವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆ ನ್ಯಾಯವಾದದ್ದೇ. ಮುಸಲ್ಮಾನರಲ್ಲಿಯ ಅನೇಕ ಮೌಲವಿಗಳು, ಪಂಜಾಗಳನ್ನು ಕೂಡಿಸಿ ಹರಕೆ ಹೊರುವುದು ತಮ್ಮ ಧರ್ಮಗ್ರಂಥಕ್ಕೆ ವಿರುದ್ಧವೆಂದು ಬಹುಕಾಲದಿಂದ ಹೇಳುತ್ತ ಬಂದಿರುವರು. ದೇವನೊಬ್ಬನೇ ಎಂಬ ನಂಬುಗೆಯುಳ್ಳವರು ಹೀಗೆನ್ನುವುದು ಸಹಜವು. ಇತ್ತ ಹಿಂದುಗಳಲ್ಲಿಯೂ, ಪರರ ಹಬ್ಬ ನಮಗೇಕೆ ಎನ್ನುವವರು ಹೊಸಬರಲ್ಲ. 1893ರಲ್ಲಿ ಮುಂಬಯಿಯಲ್ಲಿ ಗಲಭೆಗಳಾದ ಮೇಲೆ, 1894ರಲ್ಲಿ ಪುಣೆಯ ಹಿಂದುಗಳಲ್ಲಿ ಬಹುಮಂದಿ ತಾವು ಹಿಂದಿನಿಂದ ಪಾಲ್ಗೊಳ್ಳುತ್ತಿದ್ದ ಮೊಹರಮ್ಮಿನ ತಾಬೂತುಗಳನ್ನು ಬಿಟ್ಟು, ತಿಲಕರ ಮುಂದಾಳುತನದಲ್ಲಿ ಸಾರ್ವಜನಿಕ ಗಣಪತಿಯ ಉತ್ಸವಕ್ಕೆ ಕೂಡಿದರು. ಆ ಗಣಪತಿಯು ನಮ್ಮ ಸೀಮೆಗೂ ಬಂದನು, ಬರಬೇಕಾದವನೇ. ಆದರೆ ಇಲ್ಲಿಯ ಹಳ್ಳಿಗರು ಒಬ್ಬನನ್ನು ಕೂಡಿಸುವುದಕ್ಕಾಗಿ ಇನ್ನೊಬ್ಬರನ್ನು ಎಬ್ಬಿಸಲಿಲ್ಲ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಹುಲಿವೇಷದವನನ್ನು ಗದರಿಸುವ ಅಧಿಕಾರ ನಮಗಿಲ್ಲ. ಅವನ ಮೈಮೇಲಿನ ಬಣ್ಣವು ಒಂದು ಹರಕೆ. ಮಗು ಬದುಕಿತೆಂದೋ ಬೇನೆ ವಾಸಿಯಾಯಿತೆಂದೋ ಅವನು ಕುಣಿಯುತ್ತಿರುವನು. ಶೋಕದ ದಿನದಲ್ಲಿ ಅವನಿಗೆ ಉಪಕಾರಸ್ಮರಣೆಯ ಕಾರಣವಿದ್ದರೆ ಅದು ತಪ್ಪಲ್ಲ. ನಮಗೆ ಸೈರಿಸದ ಸಂಗತಿ ಬೇರೆಯೇ ಇದೆ. ರಿವಾಯತದ ಪದಗಳನ್ನು ರಾತ್ರಿಯಿಡೀ ಬಾಯಿಪಾಠವಾಗಿ ಹೇಳಬಲ್ಲವರು ಮುದುಕರಾದರು, ಹುಡುಗರು ಕಲಿಯುತ್ತಿಲ್ಲ. ಹಾಡು ನಿಂತಲ್ಲಿ ಧ್ವನಿವರ್ಧಕದ ಸಿನಿಮಾದ ಅಬ್ಬರ ಬಂದು ಕುಳಿತಿದೆ. ಕುಣಿತ ಉಳಿದು ಕಥೆ ಅಳಿದರೆ, ಕುಣಿಯುವವನಿಗೇ ತಾನು ಯಾರ ಮನೆಯ ಮುಂದೆ ಕುಣಿಯುತ್ತಿರುವೆನೆಂಬುದು ತಿಳಿಯದು. ನಮ್ಮ ಹುಡುಗನು ಕಳುಹಿದ ಶುಭಾಶಯದ ಸಂದೇಶವೂ ಇಂಥ ಮರೆವಿನಿಂದಲೇ ಹುಟ್ಟಿದ್ದು. ಅವನಿಗೆ ಕಥೆಯನ್ನು ಹೇಳದೆ ಬಿಟ್ಟವರು ನಾವು.

ಆದುದರಿಂದ ಅಂದು ಮಧ್ಯಾಹ್ನ, ಉಪವಾಸದ ಬೇಸರವನ್ನು ಕಳೆಯಲೆಂದು, ಅವನನ್ನು ಕೂಡ್ರಿಸಿಕೊಂಡು ಕರ್ಬಲೆಯ ಕಥೆಯನ್ನು ಹೇಳಿದೆವು. ಅವನ ಮನಸ್ಸು ದೀಪಕ್ಕಿಂತಲೂ ಬಾಣಕ್ಕಿಂತಲೂ ನೀರಿನ ಬಳಿ ನಿಂತಿತು. "ಹೊಳೀ ಕಣ್ಣ ಮುಂದ ಇದ್ದರೂ ನೀರು ಕೊಡಲಿಲ್ಲೇನು?" ಎಂದು ಮತ್ತೆ ಮತ್ತೆ ಕೇಳಿದನು. ಈ ಸೀಮೆಯ ಮಕ್ಕಳಿಗೆ ಆ ಮಾತು ಬೇಗ ತಾಕುವುದು. ತುಬಚಿಯ ಹೆಸರನ್ನು ಹೊರಗಿನವರು ಈಗ ಬಲ್ಲುದು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ. ಕೃಷ್ಣೆಯು ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಎತ್ತರದ ಹೊಲಗಳು ಒಣಗಿ ನಿಂತಿದ್ದುದನ್ನು ಕಂಡೇ ಹೊಳೆಯ ನೀರನ್ನು ಯಂತ್ರದಿಂದ ಮೇಲಕ್ಕೆತ್ತುವ ಆ ಏರ್ಪಾಡು ಹುಟ್ಟಿದ್ದು. ಮಳೆ ತಪ್ಪಿದ ವರ್ಷಗಳಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸರು ಇನ್ನೂ ನಮ್ಮ ಮನೆಗಳಲ್ಲಿ ಬದುಕಿರುವರು. ಹುಸೇನರ ಮಕ್ಕಳ ನೀರಡಿಕೆಯು ಇಲ್ಲಿ ಇಷ್ಟು ಆಳಕ್ಕೆ ಇಳಿದುದಕ್ಕೆ ಆದಿಲಶಾಹಿಗಿಂತ ಇದೇ ದೊಡ್ಡ ಕಾರಣವಿರಬಹುದೆಂದು ನಾವು ಒಮ್ಮೊಮ್ಮೆ ಎಣಿಸುವೆವು.

ಇಳಿಹೊತ್ತಿಗೆ ಪಂಜಾಗಳು ನೀರಿನ ಕಡೆಗೆ ಹೊರಟವು. ಅಲ್ಲಿ ಅವುಗಳ ಬಟ್ಟೆ ಹೂವು ಬಿಚ್ಚಿ, ತೊಳೆದು, ಹಸ್ತಗಳನ್ನು ಸಾದಾ ಬಟ್ಟೆಯಲ್ಲಿ ಮುಚ್ಚಿಕೊಂಡು ತರುವರು. ಹೋಗುವಾಗಿನ ಬಾಜಾ ಬರುವಾಗ ಇರುವುದಿಲ್ಲ. ದಫನವಾಯಿತೆಂದು ಜನರು ಮಾತಿಲ್ಲದೆ ಮನೆಗೆ ತಿರುಗುವರು. ಅಲಾವಿಯ ಕುಣಿಗೆ ಮಣ್ಣು ಬೀಳುವುದು. ನಮ್ಮ ಹುಡುಗನು ಆ ವರ್ಷ ಮೊದಲ ಬಾರಿಗೆ ಹಿಂದಿನ ಸಾಲಿನಲ್ಲಿ ಸುಮ್ಮನೆ ನಡೆದು ಬಂದನು.

ಬಂದವನು ನೇರವಾಗಿ ನೆರೆಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತನು. ಏನು ಹೇಳಬೇಕೆಂದು ಅವನಿಗೆ ತೋಚಿರಲಿಕ್ಕಿಲ್ಲ. ಹೊತ್ತು ಮುಳುಗಿ, ಬಾಂಗು ಕೇಳಿ, ಮುದುಕಿಯು ಒಂದು ಗುಟುಕು ಪಾನಕ ಕುಡಿದು ತನ್ನ ಉಪವಾಸವನ್ನು ಬಿಟ್ಟಳು. ಅವನಿಗೂ ಒಂದು ಬಟ್ಟಲು ಕೊಡಹೋದಳು. "ಇವತ್ತು ನಂದೂ ಏಕಾದಶಿ ಐತಿ, ಆಯಿ" ಎಂದನು. ಆಕೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋಗಿ, ನಾಲ್ಕು ಚೊಂಗೆಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು ತಂದು, "ಹಂಗಾರ ನಾಳೆ ಪಾರಣಿಗೆ ತಿನ್ನು ಮಗಾ, ನಿಮ್ಮವ್ವಗ ಹೇಳು" ಎಂದು ಅವನ ಕೈಯಲ್ಲಿಟ್ಟಳು.